ಹಿಂದಿನ ಎಡಬಾಗಿಲು

ತಿಳವಳ್ಳಿ ದಾಟಿ ಹಿರೇಕೆರೂರಿನ ಕಡೆ ಹೊರಟರೆ ಒಂದು ತಿರುವಿನಲ್ಲಿ ಡಾಂಬರು ಚಾಪೆಯಗಲ ಕರಗಿ ಗಂಟುಗಟ್ಟಿದೆ. ನಾನು ಕಾರು ಕಲಿಯುವ ಮೊದಲೇ ಆ ಗುರುತು ಅಲ್ಲಿತ್ತು. ಒಕ್ಕಲೆಂದು ರಸ್ತೆಗೆ ಹರವಿದ ಹುರುಳಿ ಬಳ್ಳಿಯ ಮೇಲೆ ಹಾಯ್ದ ಯಾರದೋ ಕಾರು, ಬಳ್ಳಿ ಅಡಿಗೆ ಸುತ್ತಿಕೊಂಡು, ಅಲ್ಲೇ ಸುಟ್ಟುಹೋಯಿತಂತೆ. ಈ ಕಥೆಯನ್ನು ನಾನೇ ಹತ್ತಾರು ಜನರಿಗೆ ಬುದ್ಧಿವಾದದ ಧಾಟಿಯಲ್ಲಿ ಹೇಳಿದ್ದೇನೆ. ಮಾಸ್ತರಿಕೆ ಮಾಡಿದವನ ಚಟ ಅದು, ಏನು ಮಾಡುವುದು.

ನನ್ನ ಕಾರು ಶಿಗ್ಗಾವಿಯ ಎಂಜಿನಿಯರರೊಬ್ಬರಿಂದ ಕೊಂಡ ಹಳೆಯ ಗಾಡಿ. ಹಿಂದಿನ ಎಡಬಾಗಿಲಿನ ಒಳಗಿನ ಹಿಡಿ ಮುರಿದಿತ್ತು. ಹೊರಗಿನಿಂದ ತೆಗೆದರಷ್ಟೇ ಆ ಬಾಗಿಲು ತೆರೆಯುತ್ತಿತ್ತು. ಗ್ಯಾರೇಜಿನ ಮಿಸ್ತ್ರಿ ಪ್ರತಿ ಸಲವೂ, "ಅರ್ಧಾ ತಾಸಿನ ಕೆಲಸ ಐತ್ರಿ ಸರ, ಬಿಟ್ಟು ಹೋಗ್ರಿ" ಅನ್ನುತ್ತಿದ್ದ. ಮುಂದಿನ ರವಿವಾರ ತರುತ್ತೇನೆ ಅನ್ನುತ್ತಿದ್ದೆ. ಆ ರವಿವಾರ ನಾಲ್ಕು ವರ್ಷವಾದರೂ ಬರಲಿಲ್ಲ.

ಅವ್ವ ಹಾನಗಲ್ಲಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಕಾರಿನಲ್ಲಿ ಅವಳ ಜಾಗ ಆ ಎಡಬಾಗಿಲ ಪಕ್ಕವೇ. ಮುಂದೆ ಕೂರು ಅಂದರೆ, "ಎದುರಿನ ಲಾರಿ ಎಲ್ಲಾ ನನ್ನ ಮ್ಯಾಲೇ ಬಂದಂಗ ಆಕ್ಕೈತಿ, ಬ್ಯಾಡಪ್ಪಾ" ಅನ್ನುವಳು. ಎಲ್ಲಿಗೆ ಹೋದರೂ ನಾನು ಮೊದಲು ಇಳಿದು, ಸುತ್ತಿ ಬಂದು ಬಾಗಿಲು ತೆಗೆಯುತ್ತಿದ್ದೆ. ಅಲ್ಲಿಯ ತನಕ ಅವಳು ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿರುತ್ತಿದ್ದಳು. ಒಮ್ಮೆ ಸವಣೂರಿನಲ್ಲಿ ಬೀಗರ ಮನೆಯ ಮುಂದೆ ಇಳಿಯುವಾಗ, ನಾಲ್ಕು ಜನ ಹೆಂಗಸರಿಗೆ ಕೇಳುವಂತೆಯೇ ಹೇಳಿದಳು: "ನನ್ನ ಮಗ ನನ್ನ ಕೈಲೆ ಬಾಗಲಾ ತಗಸಂಗಿಲ್ಲರೀ." ಹಿಡಿ ಮುರಿದಿದೆ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಆ ಹೊಗಳಿಕೆ ನನಗೆ ರುಚಿಸಿತ್ತು.

ಸಂಕ್ರಾಂತಿ ಮುಗಿದ ವಾರ ರಟ್ಟೀಹಳ್ಳಿಯಲ್ಲಿರುವ ಚಿಕ್ಕವ್ವನ ಮನೆಗೆ ಹೊರಟೆವು. ಅವ್ವನ ಬಲಕ್ಕೆ ಸೀಟಿನ ಮೇಲೆ, ಚಿಕ್ಕವ್ವನಿಗೆಂದು ಒಂದು ಅಕ್ಕಿಚೀಲ ಅಡ್ಡ ಮಲಗಿಸಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಆ ತಿರುವು ದಾಟಿ ಎರಡು ಫರ್ಲಾಂಗಿಗೆ ರಸ್ತೆಯುದ್ದಕ್ಕೂ ಹುರುಳಿ ಹರವಿದ್ದರು. ಈಗ ಕಣ ಮಾಡುವವರು ಯಾರಿದ್ದಾರೆ? ನಮ್ಮ ಕಡೆ ಗಾಡಿಗಳೇ ಕಾಳು ಒಕ್ಕುವ ರೋಣಗಲ್ಲು.

ಮೆಲ್ಲಗೆ ಹಾಯ್ದೆ. ಕೊನೆಯಲ್ಲಿ ತಲೆಗೆ ಟವೆಲ್ ಸುತ್ತಿದ ಹೆಂಗಸೊಬ್ಬಳು ಕೈಮಾಡಿ ನಿಲ್ಲಿಸಿದಳು.

"ಸಾಹೇಬ್ರ, ಇನ್ನೊಂದೆರಡ ಸಲ ಹಾಯಿಸಿ ಹೋಗ್ರಿ. ಮುಂಜಾನಿಂದ ಒಂದ ಬಸ್ಸೂ ಬಂದಿಲ್ಲರೀ."

ಕರಗಿದ ಡಾಂಬರು ಹಿಂದೆಯೇ ಇತ್ತು. ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಹಿಂದಿನಿಂದ ಅವ್ವ ಅಂದಳು: "ಹಾಯಿಸಪ್ಪಾ, ಪಾಪ. ನಿಮ್ಮಪ್ಪ ರೋಣಗಲ್ಲ ಹೊಡದ ಹೊಡದ ಸಾಕಾಗತಿದ್ದ."

ರೈತನ ಮಗನಿಗೆ ಇಷ್ಟು ಸಾಕು. ಕಾರು ತಿರುಗಿಸಿ ಹೋದೆ, ಬಂದೆ, ಮತ್ತೆ ಹೋಗಿ ಬಂದೆ. ಚಕ್ರದಡಿ ಕಾಯಿ ಚಟಪಟ ಒಡೆಯುತ್ತಿದ್ದರೆ, ನಿಜ ಹೇಳುತ್ತೇನೆ, ಹೊಲ ಬಿಟ್ಟ ಮೇಲೆ ಅಷ್ಟು ಖುಷಿ ನನಗೆ ಆಗಿರಲಿಲ್ಲ. ಕಾರಿನಡಿ ಏನೋ ಬರಬರ ಉಜ್ಜುತ್ತಿತ್ತು. ಹೊಟ್ಟು, ತಾನಾಗಿ ಉದುರುತ್ತದೆ ಅಂದುಕೊಂಡೆ.

ಮುಂದೆ ಹೊರಟಾಗ ಕನ್ನಡಿಯಲ್ಲಿ ಆ ಹೆಂಗಸು ಎರಡೂ ಕೈ ಎತ್ತಿ ಬೀಸುತ್ತಿದ್ದಳು. ನಾನೂ ಕಿಟಕಿಯಿಂದ ಕೈ ಚಾಚಿ ದೊಡ್ಡ ಮನುಷ್ಯನಂತೆ ಬೀಸಿದೆ. ಅವಳು ಓಡಿಬರತೊಡಗಿದಳು.

"ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ," ಅಂದಳು ಅವ್ವ.

"ಹೊಲದಾಗ ಕಬ್ಬಿನ ರವದಿ ಸುಡಾಕತ್ತಿರಬೇಕವ್ವಾ."

ಅಂಗಾಲು ಬೆಚ್ಚಗಾಯಿತು. ಗೇರಿನ ಬುಡದಿಂದ ಹೊಗೆ ಎದ್ದಿತು. ಬ್ರೇಕು ಒತ್ತಿ, ಬಾಗಿಲು ತೆಗೆದು ಜಿಗಿದು ಓಡಿದೆ. ರಸ್ತೆ ಬದಿಯಲ್ಲೊಂದು ಜಾಲಿಗಿಡವಿತ್ತು, ಅಲ್ಲಿಯವರೆಗೆ ಓಡಿದೆ. ಆಮೇಲೆ ತಿರುಗಿ ನೋಡಿದೆ.

ಕಾರಿನಡಿ ಬೆಂಕಿ ಹರಿದಾಡುತ್ತಿತ್ತು. ಗಾಜಿನ ಹಿಂದೆ ಅವ್ವ ಕೂತಿದ್ದಳು. ಬಡಿಯಲಿಲ್ಲ, ಕೂಗಲಿಲ್ಲ. ಚೀಲ ತೊಡೆಯ ಮೇಲಿತ್ತು. ಎಲ್ಲರ ಮನೆಯ ಮುಂದೆ ಕಾಯುತ್ತಿದ್ದಂತೆಯೇ, ನಾನು ಸುತ್ತಿ ಬಂದು ಬಾಗಿಲು ತೆಗೆಯಲಿ ಎಂದು ನನ್ನನ್ನೇ ನೋಡುತ್ತಿದ್ದಳು.

ನನ್ನ ಕಾಲು ಏಳಲಿಲ್ಲ. ಇದನ್ನು ಬರೆಯದೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ.

ಟವೆಲಿನ ಹೆಂಗಸು ಏದುಸಿರು ಬಿಡುತ್ತ ಬಂದವಳೇ ಆ ಬಾಗಿಲು ಕಿತ್ತು ತೆಗೆದು, ಅವ್ವನ ರಟ್ಟೆ ಹಿಡಿದು ಎಳೆದಳು. ಅವರಿಬ್ಬರೂ ಹತ್ತು ಹೆಜ್ಜೆ ಈಚೆ ಬಂದ ಮೇಲೆ ನನಗೆ ಕಾಲು ಬಂದವು. ಕಾರು ಪೂರ್ತಿ ಉರಿಯುವವರೆಗೂ ಅಲ್ಲೇ ನಿಂತಿದ್ದೆವು. ಗಾಜು ಒಂದೊಂದಾಗಿ ಸಿಡಿದವು. ಅಕ್ಕಿ ಸೀದ ವಾಸನೆ ಬಹಳ ಹೊತ್ತು ಬಂತು.

ಹಿರೇಕೆರೂರಿನ ಆಸ್ಪತ್ರೆಯಲ್ಲಿ ಸುಟ್ಟ ಹಿಮ್ಮಡಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಅವ್ವ ಕೇಳಿದಳು: "ಆ ಬಾಗಲಾ ಒಳಗಿಂದ ತಗ್ಯಾಕ ಬರತಿದ್ದಿಲ್ಲೇನು?"

"ಹಿಡಿ ಮುರದಿತ್ತವ್ವಾ."

"ಯಾವಾಗಿಂದ?"

"ತಂದಾಗಿಂದ."

ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಳು.

ಸಂಜೆ ಚಿಕ್ಕವ್ವ ಬಂದಳು, ಅವಳ ಓಣಿಯವರೂ ಬಂದರು. ಹೆಂಗ ಪಾರಾದ್ರಿ ಅಂತ ಎಲ್ಲರದೂ ಅದೇ ಪ್ರಶ್ನೆ. ಅವ್ವ ನನ್ನ ಮುಖ ನೋಡದೆ ಹೇಳಿದಳು: "ನನ್ನ ಮಗಾನೇ ಬಾಗಲಾ ತಗದು ಎಳಕೊಂಡಾ." ಯಾರೋ ನನ್ನ ಬೆನ್ನು ಚಪ್ಪರಿಸಿದರು. ಯಾರೋ ಚಹಾ ಕೊಟ್ಟರು. ಕುಡಿದೆ. ಇವತ್ತಿಗೂ ಊರಿನಲ್ಲಿ ಓಡಾಡುವುದು ಅದೇ ಕಥೆ. ನಾನು ತಿದ್ದಿಲ್ಲ.

ಈಗ ಆ ರಸ್ತೆಯಲ್ಲಿ ಎರಡು ಗುರುತುಗಳಿವೆ. ಎರಡನೆಯದರ ಬಗ್ಗೆ ನಾನು ಯಾರಿಗೂ ಬುದ್ಧಿ ಹೇಳುವುದಿಲ್ಲ.

ಮರುವರ್ಷ ಹೊಸ ಕಾರು ಬಂತು. ಬಣ್ಣ ನೋಡುವ ಮೊದಲು ನಾಲ್ಕೂ ಬಾಗಿಲುಗಳನ್ನು ಒಳಗಿನಿಂದ ತೆಗೆದು ನೋಡಿದೆ. ಮೊದಲ ದಿನ ಅವ್ವನನ್ನು ಸಂತೆಗೆ ಕರೆದೊಯ್ದೆ. ಕಾರು ನಿಲ್ಲಿಸಿ, ಇಳಿದು, ಸುತ್ತಿ ಹೋದೆ. ಅಷ್ಟರಲ್ಲಿ ಅವಳು ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕಾಲಿಟ್ಟಾಗಿತ್ತು.

"ನೀ ಯಾಕ ಇಳದಿ?" ಅಂದಳು, ಬಹಳ ಮೆತ್ತಗೆ. "ಕುಂದರು. ನಾ ತಕ್ಕೋತೇನಿ."

ಈಗಲೂ ಪ್ರತಿ ಸಲ ಇಳಿದು ಸುತ್ತಿ ಹೋಗುತ್ತೇನೆ. ಒಂದು ಸಲವೂ ಅವಳು ನನಗಾಗಿ ಕಾದಿಲ್ಲ.