ಮುಂದಿನ ಚಕ್ರದ ನಿಂಬೆಹಣ್ಣು

ಪೆಟ್ರೋಲ್ ನೂರು ದಾಟಿದ ಮೇಲೆ ನನಗೆ ಒಬ್ಬ ಮನುಷ್ಯ ಬೇಕಾಗಿದ್ದ. ಕೊರಳಪಟ್ಟಿ ಹಿಡಿದು ಕೇಳುವುದಕ್ಕೆ. ಎಲ್ಲರೂ ತೆರಿಗೆ ಅನ್ನುತ್ತಿದ್ದರು, ಕಚ್ಚಾ ತೈಲ ಅನ್ನುತ್ತಿದ್ದರು, ಡಾಲರ್ ಅನ್ನುತ್ತಿದ್ದರು. ಡಾಲರಿಗೆ ಅಂಗಿ ಎಲ್ಲಿದೆ, ಕೊರಳಪಟ್ಟಿ ಹಿಡಿಯಲು?

ನನ್ನದು ಲಗೇಜ್ ಆಟೋ. ಮೂರು ಚಕ್ರದ್ದು, ಪೆಟ್ರೋಲಿನದು, ಸ್ವಂತದ್ದು. ಸ್ವಂತದ್ದು ಎನ್ನುವುದನ್ನು ಒತ್ತಿ ಹೇಳುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತರಗುಪೇಟೆಯಲ್ಲಿ ಮೂಟೆ ಹೊತ್ತವನು ನಾನು. ಬೆನ್ನಿನ ಮೇಲಿದ್ದ ಮೂಟೆಯನ್ನು ಚಕ್ರದ ಮೇಲೆ ಇಳಿಸಿಕೊಳ್ಳುವ ಹೊತ್ತಿಗೆ ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಬೆಳಿಗ್ಗೆ ತರಗುಪೇಟೆಯ ಮಂಡಿಗಳಿಂದ ಅಕ್ಕಿ, ಬೇಳೆ, ಕಡಲೆ ತುಂಬಿಕೊಂಡು ಬಸವನಗುಡಿಯ ಒಂದು ದಿನಸಿ ಅಂಗಡಿಗೆ ಇಳಿಸುತ್ತಿದ್ದೆ. ಮಧ್ಯಾಹ್ನ ಅದೇ ಅಂಗಡಿಯಿಂದ ತಿಂಗಳ ಸಾಮಾನನ್ನು ಮನೆಮನೆಗೆ ಮುಟ್ಟಿಸುತ್ತಿದ್ದೆ. ಈ ಕಡೆಯ ಹಳೆಯ ಮನೆಗಳವರು ಈಗಲೂ ಅಂಗಡಿಗೆ ಫೋನ್ ಮಾಡಿ, ಬೇಳೆ ಹೊಸದೇನ್ರೀ ಎಂದು ಕೇಳಿಯೇ ತರಿಸಿಕೊಳ್ಳುವವರು. ಸಾಮಾನು ತಂದವನು ಗೇಟಿನಲ್ಲೇ ಇಟ್ಟು ಹೋಗುವ ಹಾಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಅಡುಗೆಮನೆಯ ಡಬ್ಬಗಳ ಪಕ್ಕಕ್ಕೇ ತಂದಿಡಬೇಕು. ಒಬ್ಬ ಹೊರಗಿನವನನ್ನು ಅಡುಗೆಮನೆಯವರೆಗೆ ಬಿಟ್ಟುಕೊಳ್ಳುವುದು ಆ ಮನೆಗಳಲ್ಲಿ ಸಣ್ಣ ಮಾತಲ್ಲ. ನನ್ನನ್ನು ಬಿಟ್ಟುಕೊಳ್ಳುತ್ತಿದ್ದರು. ಬೇರೆ ಯಾವ ಆಸ್ತಿಯನ್ನೂ ನಾನು ಸಂಪಾದಿಸಿಲ್ಲ, ಅದೊಂದನ್ನು ಸಂಪಾದಿಸಿದ್ದೆ.

ಅಂಗಡಿಯ ಪಕ್ಕದಲ್ಲೊಂದು ಕಲ್ಲು ಕಟ್ಟೆ ಇದೆ. ಬೆಳಗಿನ ವಾಕಿಂಗ್ ಮುಗಿಸಿದವರು ಅಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಆ ಕಟ್ಟೆಯ ಅಧ್ಯಕ್ಷರಿದ್ದ ಹಾಗೆ. ಪೆಟ್ರೋಲ್ ಏರಿದ್ದಕ್ಕೆ ಯಾರು ಕಾರಣ ಎನ್ನುವುದೇ ಅಲ್ಲಿ ದಿನದ ವಿಷಯ.

"ಎಲ್ಲಾ ವಿಧಾನಸೌಧದವ್ರು ಹಾಕೋ ತೆರಿಗೆ ರೀ," ಎಂದು ಬ್ಯಾಂಕಿನವರು.

"ಸುಮ್ನಿರಿ, ದಿಲ್ಲಿಯವ್ರು ಹಾಕೋದು ನಿಮ್ಗೆ ಕಾಣಲ್ವಾ?" ಎಂದು ಮಂಕಿ ಟೋಪಿಯವರೊಬ್ಬರು.

"ಎಲ್ಲೋ ಯುದ್ಧ ಆದ್ರೆ ಇಲ್ಲಿ ಬೆಲೆ ಏರುತ್ತೆ. ಯುದ್ಧ ನಿಂತ್ರೆ ಮಾತ್ರ ಇಳಿಯಲ್ಲ ನೋಡಿ!" ಎಂದು ಇನ್ನೊಬ್ಬರು.

ನಾನು ಮೂಟೆ ಇಳಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅವರಿಗೆ ಅದು ಕಾಫಿಯ ಜೊತೆಗಿನ ಮಾತು. ನಾನು ಅದನ್ನು ದಿನಾ ಟ್ಯಾಂಕಿಗೆ ಹಾಕಿಸಬೇಕಿತ್ತು. ಬಂಕಿನಲ್ಲಿ ಪೈಪ್ ಹಿಡಿದವನು "ಝೀರೋ ನೋಡ್ಕೊಳ್ಳಿ ಅಣ್ಣ" ಎನ್ನುತ್ತಿದ್ದ. "ಝೀರೋ ಏನ್ ನೋಡೋದು, ನನ್ನ ಜೇಬು ನೋಡು, ಅಲ್ಲೇ ಇದೆ" ಎಂದರೆ ನಗುತ್ತಿದ್ದ.

ಕೊನೆಗೆ ಒಂದು ದಿನ ಅಂಗಡಿಯ ಯಜಮಾನರನ್ನು ಕೇಳಿದೆ. ಬಾಡಿಗೆ ಸ್ವಲ್ಪ ಏರಿಸಿಕೊಡಿ, ಪೂರೈಸುತ್ತಿಲ್ಲ ಎಂದೆ. ಅವರು ಗಲ್ಲಾದ ಮೇಲಿನ ಕೈ ತೆಗೆಯಲಿಲ್ಲ.

"ಪೆಟ್ರೋಲನ್ನ ನಾನೇನ್ ಬಾವಿಯಿಂದ ಸೇದಿ ಮಾರ್ತೀನೇನಯ್ಯಾ? ಏರಿಸಿದವ್ರನ್ನ ಹೋಗಿ ಕೇಳು. ದಿಲ್ಲಿಗೆ ರೈಲಿದೆ."

ಅಂಗಡಿಯ ಆಳುಗಳು ನಕ್ಕರು. ನಾನು ತಲೆ ತಗ್ಗಿಸಿಕೊಂಡು ಬಂದೆ. ಬಾಡಿಗೆ ಒಂದು ಪೈಸೆ ಏರಲಿಲ್ಲ. ಅಷ್ಟರಲ್ಲೇ ಮುಗಿದಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ. ಕೇಳಿದ್ದೆ, ಇಲ್ಲ ಅಂದರು. ಲೋಕದಲ್ಲಿ ಇರುವುದೇ.

ಮುಂದಿನ ತಿಂಗಳು ತ್ಯಾಗರಾಜನಗರಕ್ಕೆ ಸಾಮಾನು ತೆಗೆದುಕೊಂಡು ಹೋದೆ. ಅಲ್ಲಿ ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ನಾನು ಹೋದಾಗಲೆಲ್ಲ ಚೀಲ ಇಳಿಸುವ ಮೊದಲೇ ಒಂದು ಲೋಟ ಮಜ್ಜಿಗೆ ಕೊಡುವವರು. ಆ ದಿನ ಗೇಟಿನ ಹತ್ತಿರವೇ ಬಂದು ನಿಂತರು.

"ಇಲ್ಲೇ ಇಟ್ಟು ಹೋಗಪ್ಪಾ. ಕೆಲಸದವಳು ಒಳಗಿಡ್ತಾಳೆ."

"ಅಕ್ಕಿ ಮೂಟೆ ಅವ್ರ ಕೈಲಿ ಆಗಲ್ಲಮ್ಮಾ, ನಾನೇ ಇಡ್ತೀನಿ ಬಿಡಿ."

"ಬೇಡ." ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡೇ ಹೊರಹಾಕಿದರು: "ಅಲ್ಲಪ್ಪಾ, ಇಷ್ಟು ವರ್ಷದ ಪರಿಚಯ, ನೀನು ಹೀಗೆ ಮಾಡ್ಬೋದಾ? ಬೇಳೆ ಯಾಕ್ರೀ ಇಷ್ಟು ಏರ್ತು ಅಂತ ಅಂಗಡೀಲಿ ಕೇಳಿದ್ರೆ, ನಾವೇನ್ ಮಾಡೋಣಮ್ಮಾ, ಪೆಟ್ರೋಲ್ ಹೆಸರು ಹೇಳಿ ಆಟೋದವ್ನು ಬಾಡಿಗೆ ಸಿಕ್ಕಾಪಟ್ಟೆ ಏರಿಸ್ಬಿಟ್ಟ, ಅದನ್ನೇ ಸಾಮಾನಿನ ಮೇಲೆ ಹಾಕಿದೀವಿ ಅಂದ್ರು. ನಮ್ಮಂಥ ಪೆನ್ಷನ್ ಮನೆಯವ್ರನ್ನ ಸ್ವಲ್ಪ ನೋಡ್ಕೋಬಾರ್ದಾ?"

"ನಾನಲ್ಲಮ್ಮಾ" ಎಂದೆ. ಅಷ್ಟೇ ಬಂತು. ಕಳ್ಳನೂ ಅದನ್ನೇ ಹೇಳುತ್ತಾನೆ. ಮೂಟೆಯನ್ನು ಗೇಟಿನಲ್ಲಿಟ್ಟು ಗಾಡಿ ಹತ್ತಿದೆ. ಆ ಮಧ್ಯಾಹ್ನ ಉಳಿದ ಮನೆಗಳವರ ಮುಖವನ್ನೂ ಗಮನಿಸಿದೆ. ಎಲ್ಲ ಕಡೆಯೂ ಅದೇ ಮುಖ. ಏರಿಸಿದವನು ನಾನು. ಅವರ ಬೇಳೆಯ ಡಬ್ಬಕ್ಕೆ ಕೈ ಹಾಕಿದವನು ನಾನು.

ಪೆಟ್ರೋಲ್ ಸುಟ್ಟಿದ್ದು ನನ್ನದು, ಪೆಟ್ರೋಲಿನ ಹೆಸರಲ್ಲಿ ಗಲ್ಲಾ ತುಂಬಿಸಿಕೊಂಡಿದ್ದು ಯಜಮಾನರು, ಕೆಟ್ಟ ಹೆಸರು ಮತ್ತೆ ನನ್ನದು. ಹುಡುಕುತ್ತಿದ್ದ ಕೊರಳಪಟ್ಟಿ ಸಿಕ್ಕಿತು. ದಿಲ್ಲಿಗೆ ಹೋಗಬೇಕಾಗಿರಲಿಲ್ಲ.

ತರಗುಪೇಟೆಯಲ್ಲಿ ನನ್ನ ಹಳೆಯ ಜೊತೆಗಾರ, ಈಗಲೂ ಮೂಟೆ ಹೊರುವವನು, ವಿಷಯ ಕೇಳಿ ಕುದಿದುಹೋದ.

"ಈಗ್ಲೇ ಹೋಗಿ ನಾಲ್ಕು ಜನರ ಮುಂದೆ ಉಗಿ ಮಗಾ!"

"ನಾಲ್ಕು ಜನ ಸಾಲಲ್ಲ ಗುರು. ಹಬ್ಬ ಬರ್ಲಿ."

ಮನೆಯಲ್ಲಿ ಹೆಂಡತಿ ಹೆದರಿದಳು. "ಬೇಡ ಕಣ್ರೀ, ಅನ್ನ ಕೊಡೋ ಅಂಗಡಿ."

"ಅನ್ನ ಅಂಗಡಿ ಕೊಡ್ತಿಲ್ಲ ಕಣೇ. ಈ ಬೆನ್ನು ಕೊಡ್ತಿದೆ."

ಆ ಅಂಗಡಿಯಲ್ಲಿ ಆಯುಧಪೂಜೆ ಎಂದರೆ ದೊಡ್ಡ ಸಂಭ್ರಮ. ಖಾಯಂ ಗಿರಾಕಿಗಳನ್ನೆಲ್ಲ ಕರೆದು ಕಡಲೆಪುರಿ, ಸಿಹಿ, ಬಾಳೆಹಣ್ಣು ಕೊಡುತ್ತಾರೆ. ತಕ್ಕಡಿಗೆ ಪೂಜೆ, ಗಲ್ಲಾಕ್ಕೆ ಪೂಜೆ, ಕೊನೆಯಲ್ಲಿ ನನ್ನ ಗಾಡಿಗೆ ಪೂಜೆ. ಗಾಡಿ ನನ್ನದಾದರೂ ಅಂಗಡಿಯ ಲಕ್ಷ್ಮಿ ಅದರ ಮೇಲೆ ಬರುತ್ತಾಳೆ ಎಂದು ಯಜಮಾನರು ತಾವೇ ಅದಕ್ಕೆ ಆರತಿ ಎತ್ತಿ, ಬೂದುಗುಂಬಳ ಒಡೆದು, ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ರಾಹುಕಾಲ ಬರುವುದರೊಳಗೆ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಮುಂದೆ ಹೋಗಬೇಕು. ಹೋಗದೆ ನಿಂತರೆ ವರ್ಷವೆಲ್ಲ ವ್ಯಾಪಾರ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ದೇವರಿಗೆ ಹೆದರದಿದ್ದರೂ ರಾಹುಕಾಲಕ್ಕೆ ಹೆದರುವ ಮನುಷ್ಯ.

ಅಂದು ಗಾಡಿಯನ್ನು ಮಿರಮಿರ ಮಿನುಗುವಂತೆ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ ಚಾಮರಾಜಪೇಟೆಯ ಮನೆಯಿಂದ ಹೊರಟೆ. ಅಂಗಡಿಯ ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿಸಿದೆ. ಯಾರೂ ನೋಡದಂತೆ ಸೀಟಿನ ಕೆಳಗಿನ ಪೆಟ್ರೋಲ್ ತಿರುಪನ್ನು ಮುಚ್ಚಿದೆ. ಪೈಪಿನಲ್ಲಿ ಉಳಿದದ್ದು ಸುಟ್ಟು ಎಂಜಿನ್ ತಾನಾಗಿಯೇ ಕೆಮ್ಮಿ ನಿಲ್ಲುವವರೆಗೂ ಕಾದೆ. ಆಮೇಲೆ ಇಳಿದು ಕೈಕಟ್ಟಿ ನಿಂತೆ.

ಕಟ್ಟೆಯವರು ಬಂದರು. ಟೀಚರಮ್ಮ ಬಂದರು. ನಾನು ಸಾಮಾನು ಹೊತ್ತ ಮನೆಗಳವರೆಲ್ಲ ರೇಷ್ಮೆ ಸೀರೆ, ಇಸ್ತ್ರಿ ಪಂಚೆಯಲ್ಲಿ ಬಂದರು. ಆರತಿಯಾಯಿತು. ಬೂದುಗುಂಬಳ ಒಡೆಯಿತು. ಯಜಮಾನರು ಬಗ್ಗಿ ನಿಂಬೆಹಣ್ಣು ಇಡುವಾಗ ಬ್ಯಾಂಕಿನವರಿಗೆ ತಮಾಷೆ ಹೊಳೆಯಿತು.

"ಹಿಂದಿನ ಚಕ್ರ ಒಂದಕ್ಕೆ ದಿಲ್ಲಿ, ಇನ್ನೊಂದಕ್ಕೆ ವಿಧಾನಸೌಧ. ಪೆಟ್ರೋಲ್ ಏರಿಸಿದವ್ರ ಮೇಲೆ ಹತ್ತಿಸ್ಬಿಡಪ್ಪಾ! ಮುಂದಿನ ಚಕ್ರಕ್ಕೆ ಯಾರ್ನ ಇಡೋಣ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಯಜಮಾನರು. "ಎಣ್ಣೆ ಕಂಪನಿಯವ್ರನ್ನ ಇಟ್ಬಿಡಿ! ಹ್ಞೂಂ, ಹೊರಡಯ್ಯಾ, ರಾಹುಕಾಲ ಬಂತು."

ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡುವ ಲಿವರ್ ಎತ್ತಿದೆ. ಗೊರ್ ಎಂದಿತು. ಮತ್ತೆ ಎತ್ತಿದೆ. ಗೊರ್.

"ಏನಾಯ್ತೋ?"

"ಪೆಟ್ರೋಲ್ ಇಲ್ಲ ಯಜಮಾನ್ರೇ."

"ಹಬ್ಬದ ದಿನ ಪೆಟ್ರೋಲ್ ಹಾಕಿಸ್ದೆ ಬಂದಿದೀಯಾ? ಬುದ್ಧಿ ಬೇಡ್ವಾ ನಿನಗೆ?"

"ನಾನ್ಯಾಕೆ ಹಾಕಿಸ್ಲಿ?" ಎಂದೆ. ಕೊನೆಯ ಮೆಟ್ಟಿಲಿನಲ್ಲಿದ್ದವರಿಗೂ ಕೇಳುವಂತೆ ಎಂದೆ. "ನನ್ನ ಪೆಟ್ರೋಲಿನ ದುಡ್ಡು ನಿಮ್ಮ ಹತ್ರ ಇದ್ಯಲ್ಲ. ಟೀಚರಮ್ಮ ಬೇಳೆ ಜೊತೆ ಕೊಟ್ಟಿದಾರೆ. ಬ್ಯಾಂಕಿನವ್ರು ಅಕ್ಕಿ ಜೊತೆ ಕೊಟ್ಟಿದಾರೆ. ಇಲ್ಲಿರೋರೆಲ್ಲಾ ಕೊಟ್ಟಿದಾರೆ. ಅದ್ರಲ್ಲಿ ಹಾಕ್ಸಿ, ಹೊರಡ್ತೀನಿ."

ನಗು ನಿಂತಿತು. ಯಜಮಾನರ ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿತು. "ಕುಡಿದು ಬಂದಿದಾನೇನೋ" ಎಂದು ಗಿರಾಕಿಗಳ ಕಡೆ ನೋಡಿ ಹಲ್ಲು ಬಿಟ್ಟರು. ಯಾರೂ ಹಲ್ಲು ಬಿಡಲಿಲ್ಲ.

"ಒಂದೇ ಮಾತು ಹೇಳಿ ಸಾಕು. ನನ್ನ ಬಾಡಿಗೆ ಏರಿಸಿದೀರಾ, ಇಲ್ವಾ?"

ಅವರು ಗೋಡೆ ಗಡಿಯಾರ ನೋಡಿದರು. "ತಳ್ರೋ ಗಾಡೀನಾ!" ಎಂದು ಆಳುಗಳಿಗೆ ಕೂಗಿದರು. ಇಬ್ಬರು ಬಂದು ಹಿಂದಿನಿಂದ ತಳ್ಳತೊಡಗಿದರು. ನಾನು ಬ್ರೇಕ್ ಮೇಲೆ ಕಾಲು ಊರಿದೆ. ಮೂಟೆ ಹೊತ್ತ ಕಾಲು ಅದು. ಗಾಡಿ ಅಲುಗಾಡಲಿಲ್ಲ.

"ಬ್ರೇಕ್ ಬಿಡಯ್ಯಾ! ನಿಂಗೆ ಕೈ ಮುಗೀತೀನಿ, ಹೊತ್ತು ಮೀರ್ತಿದೆ!"

"ಏರಿಸಿದೀರಾ?"

ಆಗ ಟೀಚರಮ್ಮ ಮುಂದೆ ಬಂದರು. ಕೈಯಲ್ಲಿ ಕಡಲೆಪುರಿ ಪೊಟ್ಟಣವಿತ್ತು. ತರಗತಿಯಲ್ಲಿ ಬಾಯಿಬಿಡದ ಹುಡುಗನನ್ನು ಕೇಳುವ ಹಾಗೆ ಕೇಳಿದರು: "ಹೇಳಿಬಿಡಿ. ಏರಿಸಿದೀರೋ, ಇಲ್ವೋ?"

"ಏರಿಸೋಣ ಅಂತಿದ್ದೆ..."

"ಜೋರಾಗಿ," ಎಂದೆ ನಾನು.

"ಏರಿಸಿಲ್ಲ ಕಣಯ್ಯಾ! ಏರಿಸಿಲ್ಲ! ಸಾಕಾ?"

ಸಾಕಾಗಿರಲಿಲ್ಲ. ಇಳಿದು, ಮುಂದಿನ ಚಕ್ರದ ಮುಂದಿದ್ದ ನಿಂಬೆಹಣ್ಣನ್ನು ಕೈಗೆ ತೆಗೆದುಕೊಂಡೆ. ದೃಷ್ಟಿಗೆ ಇಟ್ಟ ನಿಂಬೆಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಜನ ಎರಡು ಹೆಜ್ಜೆ ಹಿಂದೆ ಸರಿದರು. ಮೆಟ್ಟಿಲು ಹತ್ತಿ, ಆಗತಾನೇ ಪೂಜೆಯಾಗಿದ್ದ ತಕ್ಕಡಿಯ ಮೇಲೆ ಅದನ್ನು ಇಟ್ಟೆ. ಕರೆಂಟಿನ ತಕ್ಕಡಿ. ಕೆಂಪು ಅಂಕಿ ಮಿನುಗಿ ನಿಂತಿತು.

"ಮುಂದಿನ ಚಕ್ರಕ್ಕೆ ಯಾರು ಅಂತ ಕೇಳ್ತಿದ್ರಲ್ಲ," ಎಂದು ಬ್ಯಾಂಕಿನವರಿಗೆ ಹೇಳಿದೆ. "ಇಲ್ಲಿದಾರೆ. ತೂಕ ನೋಡ್ಕೊಳ್ಳಿ."

ಬಂದು ತಿರುಪು ತೆಗೆದೆ. ಪೆಟ್ರೋಲ್ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು ಲಿವರ್ ಎತ್ತಿದೆ. ಮೊದಲ ಏಟಿಗೇ ಎಂಜಿನ್ ಗುಡುಗಿತು. ಟ್ಯಾಂಕ್ ತುಂಬಾ ಇತ್ತು; ಹಬ್ಬಕ್ಕೆಂದು ಹಿಂದಿನ ದಿನವೇ ತುಂಬಿಸಿದ್ದೆ, ನನ್ನ ದುಡ್ಡಿನಲ್ಲಿ. ಹಿಂದಿನ ಎರಡು ನಿಂಬೆಹಣ್ಣು ಚಟ್ ಎಂದವು. ದಿಲ್ಲಿಗೂ ವಿಧಾನಸೌಧಕ್ಕೂ ಏನಾಯಿತೋ ಗೊತ್ತಿಲ್ಲ.

ಆ ತಕ್ಕಡಿಯ ಮೇಲಿನ ನಿಂಬೆಹಣ್ಣನ್ನು ಆಳುಗಳು ಮುಟ್ಟಲು ಒಪ್ಪಲಿಲ್ಲವಂತೆ. ಯಜಮಾನರಿಗೂ ಧೈರ್ಯ ಬರಲಿಲ್ಲವಂತೆ. ವಿಜಯದಶಮಿಯ ದಿನ ಒಳ್ಳೆ ಮುಹೂರ್ತದಲ್ಲಿ ಅಂಗಡಿ ತೆರೆದವರು ತೂಗುವುದಕ್ಕೆ ತಕ್ಕಡಿ ಇಲ್ಲದೆ ಗಿರಾಕಿಗಳನ್ನು ನಿಲ್ಲಿಸಿಕೊಂಡು, ಪುರೋಹಿತರಿಗಾಗಿ ಕಾದರಂತೆ. ತರಗುಪೇಟೆಯ ಜೊತೆಗಾರ ಇದನ್ನು ಹೇಳುವಾಗ ನಾನು ಇನ್ನೊಮ್ಮೆ ಹೇಳಿಸಿದೆ. ಮತ್ತೆ ಇನ್ನೊಮ್ಮೆ. ಅಯ್ಯೋ ಪಾಪ ಎನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ.

ಈಗ ಅದೇ ಬಸವನಗುಡಿಯ ಇನ್ನೊಂದು ಅಂಗಡಿಗೆ ಸಾಮಾನು ಹೊಡೆಯುತ್ತೇನೆ. ಬಾಡಿಗೆಯ ಮಾತು ಮೊದಲೇ ಆಡಿಕೊಂಡಿದ್ದೇನೆ. ಹಳೆಯ ಮನೆಗಳಲ್ಲಿ ಅರ್ಧದಷ್ಟು ನನ್ನ ಹಿಂದೆಯೇ ಅಂಗಡಿ ಬದಲಾಯಿಸಿದವು. ಟೀಚರಮ್ಮ ಮೊದಲನೆಯವರು.

"ಒಳಗೇ ತಂದಿಡಪ್ಪಾ," ಎಂದರು. ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋದೆ. ಡಬ್ಬಗಳು ಇದ್ದಲ್ಲೇ ಇದ್ದವು. ಮಜ್ಜಿಗೆ ಕೊಟ್ಟರು, ಕುಡಿದೆ. ಲೋಟ ಕೆಳಗಿಡುವಾಗ ಮಾತ್ರ ತಡೆಯಲಾಗಲಿಲ್ಲ.

"ಅವತ್ತು ನನ್ನನ್ನೂ ಒಂದ್ಮಾತು ಕೇಳಬೋದಿತ್ತಲ್ಲಮ್ಮಾ."

ಅವರು ಲೋಟವನ್ನು ಮತ್ತೆ ತುಂಬಿಸಿದರು. ಅದನ್ನೂ ಕುಡಿದೆ.

ಪೆಟ್ರೋಲ್ ಇಳಿದಿಲ್ಲ. ಕಟ್ಟೆಯವರು ಇನ್ನೂ ದಿಲ್ಲಿಯನ್ನೋ ಡಾಲರನ್ನೋ ಬೈಯುತ್ತಿರುತ್ತಾರೆ. ಅವರು ಹೇಳುವುದೂ ನಿಜವಿರಬಹುದು. ನಾನು ಕೈಗೆ ಸಿಕ್ಕವನನ್ನು ಹಿಡಿದೆ. ತರಗುಪೇಟೆಯಿಂದ ಹೊಸ ಅಂಗಡಿಗೆ ನೆಟ್ಟಗೆ ಹೋಗುವ ರಸ್ತೆ ಬೇರೆಯೇ ಇದೆ. ಆದರೂ ದಿನಾ ಬೆಳಿಗ್ಗೆ ಗಾಡಿ ತುಂಬಾ ಮೂಟೆ ಹೇರಿಕೊಂಡು ಹಳೆಯ ಅಂಗಡಿಯ ಮುಂದೆಯೇ ಹೋಗುತ್ತೇನೆ. ಅಲ್ಲಿ ಗೇರು ಇಳಿಸಿ, ಗಲ್ಲಾದ ಹಿಂದಿನ ತಲೆ ಮೇಲೇಳುವವರೆಗೂ ಹಾರ್ನ್ ಹೊಡೆಯುತ್ತೇನೆ. ಸುತ್ತು ದಾರಿ. ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಸುಡುತ್ತದೆ.

ಸುಡಲಿ.