ಚಹಾ ಬಾರದ ಮೀಟಿಂಗು

ವಿರುಪಾಕ್ಷಪ್ಪ ಸಾಹೇಬರಿಗೆ ಬೇಡವಾದ ಮಾತು ಎದ್ದ ಕೂಡಲೇ ಅವರು ಚಹಾ ತರಿಸುತ್ತಿದ್ದರು. ಚಹಾ ಬಂತೆಂದರೆ ಮೀಟಿಂಗು ಮುಗಿಯಿತು. ಅವರು ಮುಖ್ಯಸ್ಥರಾಗಿದ್ದ ಆ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಅದೇ ಪದ್ಧತಿ. ಕಪ್ಪು ಕೈಗೆ ಬಂದ ಮೇಲೆ ಯಾರೂ ಕೆಲಸದ ಮಾತು ಎತ್ತುತ್ತಿರಲಿಲ್ಲ.

ಸರಿತಾ ಅಲ್ಲಿ ರೈತರ ಫೋನು ತೆಗೆದುಕೊಂಡು ಕಟಾವಿನ ಸರದಿ ಹೇಳುವವಳು. ಪಾಲಬಾವಿಯ ಹೆಣ್ಣು, ಲಗ್ನವಾಗಿ ಕಾರ್ಖಾನೆಯ ಪಕ್ಕದೂರಿಗೆ ಬಂದವಳು. ದಿನವಿಡೀ ಬೈಸಿಕೊಂಡರೂ "ಹೌದ್ರಿ ಕಾಕಾ, ನಾಳೆ ಕಬ್ಬ ಕಡಿಯೂ ಟೋಳಿ ಬರತೈತ್ರಿ" ಎನ್ನುವ ತಾಳ್ಮೆ ಅವಳದು. ಬೆಳಿಗ್ಗೆ ದೀಪ ಹಚ್ಚಿ ದೇವರಲ್ಲಿ ಬೇಡುತ್ತಿದ್ದುದೂ ಆ ತಾಳ್ಮೆಯನ್ನೇ. ಆ ಸೋಮವಾರ ಮಾತ್ರ ಬೇಡಲಿಲ್ಲ. ಕೈಮುಗಿದು ಎದ್ದು ಬಂದಳು.

ಶನಿವಾರ ಮಗಳು ನೀಲಮ ಶಾಲೆಯಿಂದ ಸೈಕಲ್ಲಿನಲ್ಲಿ ಬರುವಾಗ, ರಸ್ತೆಯುದ್ದಕ್ಕೂ ಸರದಿ ನಿಂತ ಟ್ರ್ಯಾಕ್ಟರುಗಳಲ್ಲಿ ಒಂದರಿಂದ ಕಬ್ಬಿನ ಹೊರೆ ಜಾರಿತ್ತು. ಹುಡುಗಿ ಗಟಾರಕ್ಕೆ ಹಾರಿ ಉಳಿದಳು. ಸೈಕಲ್ಲು ಚಪ್ಪಟೆಯಾಯಿತು. ಕಾರ್ಖಾನೆಯ ಹಿಂದಿನ ಯಾರ್ಡು ಖಾಲಿ ಬಿದ್ದಿದೆ, ಗೇಟು ತೆಗೆದು ಗಾಡಿಗಳನ್ನು ಒಳಗೆ ಬಿಡಿ ಎಂದು ಹಂಗಾಮು ಶುರುವಾದಾಗಿನಿಂದ ಪ್ರತಿ ಮೀಟಿಂಗಿನಲ್ಲೂ ಅವಳು ಹೇಳಹೊರಟಿದ್ದಳು. ಪ್ರತಿ ಸಲವೂ ಚಹಾ ಬಂದಿತ್ತು.

ಕ್ಯಾಂಟೀನು ನಡೆಸುವ ಮೆಹರುಬಿಯ ಬಳಿ ಹೋಗಿ ಹೇಳಿದಳು: "ಆಪಾ, ಇವತ್ತ ನಾ ಹೇಳೂತನಕ ಚಹಾ ಕೊಡಬ್ಯಾಡ."

"ಸಾಹೇಬರ ಚಹಾ ನಿಲ್ಲಸಂತಿ? ನನ್ನ ಕ್ಯಾಂಟೀನ ಮುಚ್ಚಸ್ತಿ ಬೇ ನೀ!" ಎಂದ ಮೆಹರುಬಿ, ಅವಳ ಮುಖ ನೋಡಿ ಒಲೆ ಆರಿಸಿದಳು. "ಹಾಲ ಒಡದಾವು ಅಂತೀನಿ. ಹೋಗು."

ಮೀಟಿಂಗು ತಡವಾಗಿಯೇ ಶುರುವಾಯಿತು. ಸಾಹೇಬರು ಪುಣೆಯ ಟ್ರೇನಿಂಗಿನ ಕಥೆಯನ್ನು ಮತ್ತೊಮ್ಮೆ ಹೇಳಿದರು. ಗುಮಾಸ್ತ ಲಖನ ಏನೋ ಹೇಳುತ್ತಿದ್ದಾಗ ಫೋನೆತ್ತಿ, "ಹೋ ಹೋ, ಬೋಲಾ ಸಾಹೇಬ" ಎಂದು ಮರಾಠಿಯಲ್ಲಿ ಮಾತಿಗಿಳಿದು ಬೆನ್ನು ತಿರುಗಿಸಿದರು. ಫೋನಿಟ್ಟು, "ಎಲ್ಲಾರೂ ಮನಸ ಬಿಚ್ಚಿ ಮಾತಾಡ್ರಿ" ಎಂದು ಗಡಿಯಾರ ನೋಡಿದರು.

ಸರಿತಾ ಎದ್ದಳು. "ಸರ್, ಹಿಂದಿನ ಗೇಟು..."

"ಚಲೋ ಪಾಯಿಂಟ ಐತ್ರಿ ಬಾಯಾರ. ಮ್ಯಾಲಿನವರ ಕಿವಿಗೆ ಹಾಕ್ತೀನಿ. ಲಖನ, ಚಹಾ!"

ಲಖನ ಹೋದಷ್ಟೇ ಬೇಗ ಬಂದ. "ಹಾಲ ಒಡದಾವಂತ್ರಿ ಸರ್."

"ಕರಿ ಚಹಾನರ ತಗೊಂಬಾ ಹೋಗ್ಲೇ!"

"ಯಾವ ಚಹಾನೂ ಬರೂದಿಲ್ರಿ," ಎಂದಳು ಸರಿತಾ. "ನಾನ ಬ್ಯಾಡಂದೀನಿ. ಮ್ಯಾಲಿನವರು ಅಂದರ ಯಾರ್ರಿ? ಹೆಸರ ಹೇಳ್ರಿ, ನಾನ ಹೋಗಿ ಕೇಳ್ತೀನಿ."

"ಇದ ಶಿಸ್ತಲ್ಲ."

"ನನ್ನ ಮಗಳ ಗಟಾರದಾಗ ಬಿದ್ದಿದ್ದು ಶಿಸ್ತೇನ್ರಿ? ಆಕಿ ಮ್ಯಾಲ ಹೊರಿ ಬಿದ್ದಿದ್ದರ ಅವತ್ತೂ ಚಹಾ ತರಸ್ತಿದ್ರೇನ್ರಿ?"

ಸಾಹೇಬರು ಬಾಗಿಲು ನೋಡಿದರು. ಕಪ್ಪಿನ ಸದ್ದಿಲ್ಲದೆ ಮೀಟಿಂಗು ಹೇಗೆ ಮುಗಿಸುವುದೆಂದು ಅವರಿಗೆ ತಿಳಿಯಲಿಲ್ಲ. ಸರಿತಾ ಕೂರಲೂ ಇಲ್ಲ.

"ಗೇಟ ತಗಿ ಅಂತ ಯಾರ ಹೇಳಬೇಕ್ರಿ?"

"ಹೇಳೂದಾದರ..." ಸಾಹೇಬರು ಕೆಮ್ಮಿದರು. "ಹಂಗ ನೋಡಿದರ ನಾನ ಹೇಳಬೇಕು."

ಸರಿತಾಳ ಕಿವಿ ಸುಟ್ಟಂತಾಯಿತು. ಮೇಲಿನವರೂ ಇಲ್ಲ, ಕೆಳಗಿನವರೂ ಇಲ್ಲ. ಗೇಟು ತೆಗೆಸಬೇಕಾದವನು ಇಷ್ಟು ದಿನ ಮೇಜಿನ ಆಚೆ ಕೂತಿದ್ದ ಇದೇ ಮನುಷ್ಯ!

"ಹಂಗಾರ ಹೇಳ್ರಿ. ಈಗ. ನಮ್ಮ ಮುಂದ."

ಸಾಹೇಬರು ಕಾವಲಿನವನಿಗೆ ಫೋನು ಮಾಡಿದರು. "ಹಿಂದಿನ ಗೇಟ ತಗಿ." ಒಂದೇ ವಾಕ್ಯ. ಒಂದು ಉಸಿರಿನಲ್ಲಿ ಮುಗಿಯುವಷ್ಟು ಚಿಕ್ಕ ವಾಕ್ಯ. ಆಮೇಲೆ ಎಲ್ಲರ ಕಡೆ ತಿರುಗಿ, "ಇದು ನನ್ನ ತಲ್ಯಾಗ ಮೊದಲಿಂದ ಇತ್ತು" ಎಂದರು. ಲಖನ ತಲೆಯಾಡಿಸಿದ.

ಮರುದಿನ ರಸ್ತೆ ಖಾಲಿಯಿತ್ತು. ಗೆಳತಿಯ ಸೈಕಲ್ಲಿನ ಹಿಂದೆ ಕೂತು ನೀಲಮ ಶಾಲೆಗೆ ಹೊರಟಳು. "ಅವ್ವಾ, ಗಾಡಿ ಎಲ್ಲಾ ಒಳಗ ಹೋಗ್ಯಾವು ನೋಡು!" ಎಂದು ಕೂಗಿದಳು. ಸರಿತಾ ಕೈ ಬೀಸಿದಳು. ಮಗಳು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದಳು. ಸಮಾಧಾನವಾಗಬೇಕಿತ್ತು. ಆದರೆ ಇಷ್ಟು ದಿನ ಸಾಹೇಬರು ಹೇಳದೇ ಉಳಿಸಿದ್ದ ಆ ಒಂದು ವಾಕ್ಯ ನೆನಪಾದಂತೆಲ್ಲ ಸಿಟ್ಟು ಇನ್ನಷ್ಟು ಏರುತ್ತಿತ್ತು.