ರೊಟ್ಟಿ ಮಹಡಿ ಹತ್ತುವುದಿಲ್ಲ

ಹಡಪಸರದ ನಮ್ಮ ಮಾರ್ಕೆಟ್ಟನ್ನು ಚಂದ ಮಾಡುತ್ತೇವೆ ಎಂದು ಬಂದವರ ಮೇಲೆ ನನಗೆ ಮೊದಲ ದಿನ ಸಿಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನ ಬಾಯಿ ಜೋರು ಎಂದು ಓಣಿಗೆಲ್ಲ ಗೊತ್ತು, ಜಗಳಗಂಟಿ ಎಂದು ನನ್ನ ಗಂಡನೇ ಬಂದವರೆದುರು ನಗುತ್ತ ಹೇಳುತ್ತಾನೆ. ಚಂದ ಮಾಡಲಿ, ಯಾರು ಬೇಡ ಅಂದರು? ಮಳೆಗಾಲದಲ್ಲಿ ಗಟಾರದ ನೀರು ನಮ್ಮ ಕಾಲಡಿಗೇ ಹರಿದು ಬರುತ್ತದೆ. ಒಂದು ಕಂಬದ ದೀಪ ಉರಿದರೆ ಇನ್ನೊಂದರದು ಉರಿಯುವುದಿಲ್ಲ. ಗಟಾರ ಮುಚ್ಚಿಸಿ ಎಂದು ವಾರ್ಡ್ ಆಫೀಸಿಗೆ ಹೋಗಿ ಕೂಗಾಡಿ ಬಂದವಳು ನಾನೇ.

ನಾವು ಮಾರ್ಕೆಟ್ಟಿನ ಬಾಯಲ್ಲಿ ರಸ್ತೆಗೆ ಮುಖಮಾಡಿ ಕೂತು ಜೋಳದ ರೊಟ್ಟಿ ಬಡಿದು ಮಾರುವವರು. ಶುರುಮಾಡಿದ್ದು ನಮ್ಮ ಅತ್ತೆ. ಮಾವ ವಿಜಯಪುರದ ಕಡೆಯಿಂದ ಈ ಮರಾಠಿ ಊರಿನ ಕಾರ್ಖಾನೆಯೊಂದಕ್ಕೆ ದುಡಿಯಲು ಬಂದವರು. ಆ ಕಾರ್ಖಾನೆ ಮುಚ್ಚಿದ ಮೇಲೆ ಅತ್ತೆ ಹಂಚು, ಒಲೆ ಹೊತ್ತುಕೊಂಡು ಈ ಕಟ್ಟೆಯ ಮೇಲೆ ಬಂದು ಕೂತರು. ನೋಡನೋಡುತ್ತ ಅವರ ಪಕ್ಕದಲ್ಲಿ ನಮ್ಮ ಕಡೆಯ ಇನ್ನೂ ಕೆಲವು ಹೆಂಗಸರು ಕೂತರು. ಈಗ ಅದೊಂದು ಸಾಲು. ಸಂಜೆ ಮಗರಪಟ್ಟಾದ ಆಫೀಸುಗಳು ಬಿಟ್ಟಾಗ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಹಾರ್ನುಗಳ ನಡುವೆಯೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಸದ್ದು ಕೇಳಿ ಗಿರಾಕಿ ತಿರುಗಿ ನೋಡುತ್ತಾನೆ, ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಕಣ್ಣಿಗೆ ಬೀಳುತ್ತದೆ, ಗಾಡಿ ನಿಲ್ಲಿಸುತ್ತಾನೆ. ಸೀಟಿನಿಂದ ಇಳಿಯದೆಯೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುತ್ತಾನೆ. ನಮ್ಮ ವ್ಯಾಪಾರವೆಂದರೆ ಇಷ್ಟೇ. ರಸ್ತೆ ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಸರಿದರೂ ಅದು ಇಲ್ಲ.

ಅತ್ತೆಗೆ ಈಗ ಮೊಣಕಾಲು ಸವೆದಿವೆ, ಕೈ ಸವೆದಿಲ್ಲ. ದಿನದ ಮೊದಲ ರೊಟ್ಟಿ ಇವತ್ತಿಗೂ ಅವರದೇ. ಅವರ ಸ್ವಭಾವಕ್ಕೂ ನನ್ನದಕ್ಕೂ ಅಜಗಜಾಂತರ. ಯಾರು ಏನು ಕೊಟ್ಟರೂ ಒಲ್ಲೆ ಅಂದವರಲ್ಲ ಅವರು. ಉಂಡು ಹೋಗಿದ್ದರೂ ಬೇರೆಯವರ ಮನೆಯಲ್ಲಿ ಎಲೆಗೆ ಬಿದ್ದದ್ದನ್ನು ಒಂದು ತುತ್ತಾದರೂ ತಿನ್ನುತ್ತಾರೆ. ಹಬ್ಬಕ್ಕೆ ನಾದಿನಿ ಕಣ್ಣು ಕುಕ್ಕುವ ಬಣ್ಣದ ಸೀರೆ ತಂದರೆ ಅದನ್ನೂ ಉಟ್ಟು ಓಣಿಯಲ್ಲಿ ಒಂದು ಸುತ್ತು ತಿರುಗಿ ಬರುತ್ತಾರೆ. "ತಂದವರ ಮುಖ ನೋಡಬೇಕವಾ, ತಂದಿದ್ದನ್ನಲ್ಲ" ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ.

ಮಾರ್ಕೆಟ್ಟಿನ ಹಿಂದಿನ ಶಾಲೆಯಲ್ಲಿ ಸಭೆ ಕರೆದಿದ್ದರು. ಜನರಿಗೆ ಏನು ಬೇಕೋ ಅದನ್ನು ಕೇಳಿಯೇ ಮಾರ್ಕೆಟ್ಟನ್ನು ಹೊಸದಾಗಿ ಕಟ್ಟುತ್ತೇವೆ ಎಂದರು. ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಚಿತ್ರ ತೂಗುಹಾಕಿದ್ದರು. ಒಂದರಲ್ಲಿ ಕಾರಂಜಿ, ಒಂದರಲ್ಲಿ ಸೈಕಲ್ ದಾರಿ, ಒಂದರಲ್ಲಿ ಕಾರು ನಿಲ್ಲಿಸುವ ಜಾಗ, ಒಂದರಲ್ಲಿ ಗಾಜಿನ ಕಟ್ಟಡ. ಚಿತ್ರದಲ್ಲಿದ್ದವರೆಲ್ಲ ಬೆಳ್ಳಗೆ, ತೆಳ್ಳಗೆ, ಕೈಯಲ್ಲಿ ಕಾಫಿ ಹಿಡಿದವರು. ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತವಳು ಒಬ್ಬಳಾದರೂ ಇದ್ದಾಳೆಯೇ ಎಂದು ಹುಡುಕಿದೆ, ಇರಲಿಲ್ಲ. ಯೋಜನೆಯ ಸಾಹೇಬರು ಮೆತ್ತಗಿನ ಮಾತಿನ ಮನುಷ್ಯ. ಎಲ್ಲರ ಕೈಗೂ ಅಂಟಿಸುವ ಕೆಂಪು ಚುಕ್ಕಿಗಳ ಹಾಳೆ ಕೊಡಿಸಿ, ನಿಮಗೆ ಇಷ್ಟವಾದ ಚಿತ್ರದ ಮೇಲೆ ಹಚ್ಚಿ ಎಂದು ಮರಾಠಿಯಲ್ಲಿ ಹೇಳಿದರು. ಸಾಲಿಗೆ ಹಿರಿಯರೆಂದು ಅತ್ತೆಯನ್ನೇ ಮೊದಲು ಕರೆದರು.

ಅತ್ತೆ ಸೆರಗು ಹೊದ್ದುಕೊಂಡು ಎದ್ದರು. ಕಾರಂಜಿಯ ಚಿತ್ರದ ನೆತ್ತಿಗೆ, ನಡುಮಧ್ಯದಲ್ಲಿ, ಒಂದು ಕೆಂಪು ಚುಕ್ಕಿ ಹಚ್ಚಿದರು. ಮುಂದಿನದಕ್ಕೆ ಒಂದು, ಅದರ ಮುಂದಿನದಕ್ಕೆ ಒಂದು. ಹೀಗೆ ಒಂದನ್ನೂ ಬಿಡದೆ ಎಲ್ಲದಕ್ಕೂ ಹಚ್ಚಿ ಬಂದು ಕೂತರು. ಅರಿಷಿಣ ಕುಂಕುಮಕ್ಕೆ ಬಂದ ಹೆಂಗಸರಲ್ಲಿ ಒಬ್ಬಳಿಗೆ ಹಚ್ಚಿ ಪಕ್ಕದವಳನ್ನು ಬಿಡುವುದುಂಟೇ? ನಮ್ಮ ಸಾಲಿನವರೆಲ್ಲ ಎದ್ದು ಹಾಗೆಯೇ ಹಚ್ಚಿದರು. ನಾನೂ ಹಚ್ಚಿದೆ. ಬೇರೆ ಹೇಗೆ ಮಾಡುತ್ತಾರೆಂದು ನಮಗೆ ಹೊಳೆಯಲೇ ಇಲ್ಲ. ಸಾಹೇಬರು ಕೈಮುಗಿದರು, ಚಹಾ ಕೊಟ್ಟರು, ನಾವು ಕುಡಿದು ಬಂದೆವು.

ಮಳೆ ಮುಗಿಯುವ ಹೊತ್ತಿಗೆ ನಮ್ಮ ಕಟ್ಟೆಯ ಎದುರಿಗೇ ಒಂದು ಬೋರ್ಡು ನಿಂತಿತು. ಅದರಲ್ಲಿ ಗಾಜಿನ ಕಟ್ಟಡ, ನೆಲದ ಮೇಲೆ ಪೂರ್ತಿ ಕಾರುಗಳು. ಅದನ್ನು ನಮಗೆ ಬಿಡಿಸಿ ಹೇಳಿದವಳು ದಿನಾ ಸಂಜೆ ರೊಟ್ಟಿಗೆ ಬರುವ ಒಬ್ಬ ಹುಡುಗಿ. ಮೈಸೂರಿನ ಕಡೆಯವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಮಗರಪಟ್ಟಾದ ಎತ್ತರದ ಬಿಲ್ಡಿಂಗಿನಲ್ಲಿ ವಾಸ.

"ಆಂಟಿ, ನಿಮ್ಮನ್ನೆಲ್ಲ ಸೆಕೆಂಡ್ ಫ್ಲೋರ್‌ಗೆ ಹಾಕಿದಾರೆ. ಫುಡ್ ಕೋರ್ಟ್ ಅಂತೆ. ಮಾರ್ಕೆಟ್ ಮಹಿಳೆಯರು ಎಲ್ಲ ಆಪ್ಶನ್‌ಗೂ ಸಪೋರ್ಟ್ ಮಾಡಿದಾರೆ, ಯಾರ ಅಬ್ಜೆಕ್ಷನ್ನೂ ಇಲ್ಲ ಅಂತ ಬರೆದಿದಾರೆ" ಎಂದಳು.

"ನಾವು ಯಾವಾಗ ಹೂಂ ಅಂದ್ವಿ?"

"ಎಲ್ಲದಕ್ಕೂ ಒಂದೊಂದು ಡಾಟ್ ಹಚ್ಚಿದ್ರಂತಲ್ಲ ಆಂಟಿ. ಬೇಡ ಅನ್ನೋದನ್ನ ಖಾಲಿ ಬಿಡ್ಬೇಕಿತ್ತು."

ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು. ಎರಡನೇ ಮಹಡಿಯಂತೆ. ರಸ್ತೆಯ ಮೇಲೆ ಗಾಡಿ ನಿಲ್ಲಿಸಿದವನು ಎರಡು ರೊಟ್ಟಿಗಾಗಿ ಕಾರಿನ ಸಾಲು ದಾಟಿ ಲಿಫ್ಟಿಗೆ ಕಾಯುತ್ತಾನೆಯೇ? ಅವನಿಗೆ ನಮ್ಮ ಸದ್ದಾದರೂ ಹೇಗೆ ಕೇಳಬೇಕು? ಮೇಲೆ ಹೋಗುವುದೂ ಒಂದೇ, ಹಂಚು ಕವುಚಿ ಹಾಕಿ ಮನೆಯಲ್ಲಿ ಕೂಡುವುದೂ ಒಂದೇ. ಹುಡುಗಿ ತಲೆ ತಗ್ಗಿಸಿ, "ಸಾರಿ ಆಂಟಿ, ನಮ್ಮ ಸೊಸೈಟಿಯಲ್ಲಿ ಫೋನ್‌ನಲ್ಲೇ ವೋಟಿಂಗ್ ಇತ್ತು. ನಾನೂ ಪಾರ್ಕಿಂಗ್‌ಗೇ ಹಾಕಿದ್ದೆ. ನಿಮ್ಮನ್ನ ಎಬ್ಬಿಸ್ತಾರೆ ಅಂತ ಗೊತ್ತಿರ್ಲಿಲ್ಲ" ಎಂದಳು. ನನಗೆ ಮೈಯೆಲ್ಲ ಉರಿಯಿತು. ನಿನ್ನ ಕಾರು ನಿಲ್ಲಲು ನಮ್ಮ ಒಲೆ ಆರಬೇಕೇನು ಎಂದು ಕೇಳಿಯೇಬಿಟ್ಟೆ. ಅತ್ತೆ ನನ್ನ ಕಡೆ ಕಣ್ಣು ಬಿಟ್ಟು, ಅವಳ ಪೊಟ್ಟಣಕ್ಕೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿ ಕಳಿಸಿದರು.

ಮರುದಿನ ನಾನು ಸಾಹೇಬರ ಆಫೀಸಿಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಆಡಿದೆ, ಮರಾಠಿಯಲ್ಲಿ, ಮರಾಠಿ ಸಾಲದ ಕಡೆ ಹಿಂದಿಯಲ್ಲಿ, ಅದೂ ಸಾಲದ ಕಡೆ ನಮ್ಮ ಭಾಷೆಯಲ್ಲಿ. ಸಾಹೇಬರು ನನ್ನ ಮುಂದೆ ನೀರಿನ ಲೋಟ ಸರಿಸಿ ನಗುತ್ತಲೇ ಕೇಳಿಸಿಕೊಂಡರು.

"ಬಾಯಿಯವರೇ, ನೀವು ಗಟಾರಕ್ಕೂ ಬೈದಿದ್ದೀರಿ, ದೀಪಕ್ಕೂ ಬೈದಿದ್ದೀರಿ. ನಿಮಗೆ ಯಾವುದೂ ಬೇಡ ಅಂತ ಇಡೀ ಆಫೀಸಿಗೆ ಗೊತ್ತು. ನಿಮ್ಮ ಸಾಲಿಗೆ ದೊಡ್ಡವರು ನಿಮ್ಮ ಅತ್ತೆ. ನಾನೇ ಬಂದು ಅವರನ್ನು ಕೇಳುತ್ತೇನೆ. ಅವರು ಹೇಳಿದ ಹಾಗೆ ಆಗಲಿ" ಎಂದರು.

ಒಳ್ಳೆಯ ಮಾತಿನಲ್ಲಿ ಕೊಟ್ಟರೆ ಅತ್ತೆ ವಿಷವನ್ನಾದರೂ ಕೈಚಾಚಿ ತೆಗೆದುಕೊಳ್ಳುವವರು. ಈ ಮನುಷ್ಯ ಅದನ್ನು ಸಭೆಯಲ್ಲಿ ನೋಡಿ ಇಟ್ಟುಕೊಂಡಿದ್ದಾನೆ ಎನಿಸಿತು. ಅತ್ತೆ ಹೂಂ ಅಂದರೆ ಸಾಲಿನವರು ಒಬ್ಬರೂ ಉಸಿರೆತ್ತುವುದಿಲ್ಲ, ಎಲ್ಲರೂ ಅವರ ಹಿಂದೆ ಮಹಡಿ ಹತ್ತುತ್ತಾರೆ. ಅವರ ಮೊಣಕಾಲಿಗೆ ಲಿಫ್ಟು ಇದೆಯಲ್ಲ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಆಮೇಲೆ ಗಿರಾಕಿಯಿಲ್ಲದೆ ಒಬ್ಬೊಬ್ಬರೇ ಇಳಿದುಬರುವಾಗ ಈ ಕಟ್ಟೆಯ ಮೇಲೆ ಯಾರದೋ ಕಾರು ನಿಂತಿರುತ್ತದೆ. ಮನೆಗೆ ಬಂದು ಅತ್ತೆಗೆ ಮಗುವಿಗೆ ಹೇಳುವ ಹಾಗೆ ಹೇಳಿದೆ.

"ಅತ್ತಿ, ಆ ಸಾಹೇಬ ಬಂದು ಏನ್ ಕೊಟ್ರೂ ತಗೋಬ್ಯಾಡ್ರಿ. ಒಲ್ಲೆ ಅನ್ರಿ."

"ಬರಲಿ ತಡಿ. ಬಂದವರಿಗೆ ಮೊದಲ ಚಹಾ ಕುಡಸೂಣು" ಎಂದರು ಅತ್ತೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆಗಳನ್ನು ಕುಕ್ಕಿದೆ.

ಸಾಹೇಬರು ನಾವು ಒಲೆ ಹಚ್ಚುವ ಹೊತ್ತಿಗೇ ಬಂದರು. ಸಾಲಿನವರೆಲ್ಲ ಕೈ ನಿಲ್ಲಿಸಿ ಇತ್ತಲೇ ನೋಡತೊಡಗಿದರು. ಅತ್ತೆ ತರಕಾರಿಯ ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂಡಿಸಿದರು. ಚಹಾ ತರಿಸಿದರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೈಗೆ ಕೊಟ್ಟರು. ಸಾಹೇಬರು ನಿಜವಾಗಿ ಸುಖಪಟ್ಟು ತಿಂದರು, ಇನ್ನೊಂದು ಕೇಳಿ ತಿಂದರು. ಆಮೇಲೆ ಕೈ ಒರೆಸಿಕೊಂಡು ನಕ್ಷೆ ಬಿಚ್ಚಿದರು.

"ಆಜಿ, ಇದು ಎರಡನೇ ಮಹಡಿ. ಇದು ಕಿಟಕಿ ಪಕ್ಕದ ಮೂಲೆ, ಗಾಳಿ ಬರುತ್ತದೆ. ನಲ್ಲಿ ಇದೆ, ಫ್ಯಾನಿದೆ, ಮೇಲೆ ಹೋಗಲು ಲಿಫ್ಟು ಇದೆ. ಎಲ್ಲರಿಗಿಂತ ಮೊದಲು ನಿಮಗೇ ಕೊಡುತ್ತಿದ್ದೇನೆ. ನೀವು ಬೆರಳು ಇಟ್ಟ ಜಾಗ ನಿಮ್ಮದು."

ಅತ್ತೆ ನಕ್ಷೆಯನ್ನು ಹತ್ತಿರ ಎಳೆದುಕೊಂಡರು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅದರ ಮೇಲೆ ಮೆಲ್ಲಗೆ ಸವರಿದರು.

"ಭಾಳ ಛಂದ ತಗದೀರಿ" ಎಂದರು.

ಮುಗಿಯಿತು ಅಂದುಕೊಂಡೆ. ಕೂಗಬೇಕೆಂದು ಬಾಯಿ ತೆರೆದೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಒತ್ತಿ ನಕ್ಷೆಯನ್ನು ಸುರುಳಿ ಸುತ್ತಿದರು. ಎರಡೂ ಕೈಯಿಂದ ಸಾಹೇಬರಿಗೆ ತಿರುಗಿ ಕೊಟ್ಟರು.

"ಒಲ್ಲೆ" ಎಂದರು.

ಸಾಹೇಬರಿಗೆ ಕನ್ನಡ ತಿಳಿಯದು, ಆದರೂ ಮುಖ ನೋಡಿ ತಿಳಿಯಿತು. ಮೂಲೆ ಹಿಡಿಸಲಿಲ್ಲವೇ, ಬೇರೆ ತೋರಿಸಲೇ ಎಂದರು. ಅತ್ತೆ ಈ ಸಲ ಮರಾಠಿಯಲ್ಲೇ, ನಿಧಾನಕ್ಕೆ, ಮೂಲೆಯೂ ಬೇಡ, ಮಹಡಿಯೂ ಬೇಡ ಎಂದರು. ಸಾಹೇಬರ ನಗು ಮೊದಲ ಸಲ ಸಡಿಲವಾಯಿತು. ಅಂದು ಎಲ್ಲ ಚಿತ್ರಕ್ಕೂ ನೀವೇ ಚುಕ್ಕಿ ಹಚ್ಚಿದಿರಲ್ಲ ಆಜಿ ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿದರು.

"ನೀ ಹೇಳವಾ ಅವರಿಗೆ. ಕಷ್ಟಪಟ್ಟು ಬರದು ತಂದಿದ್ರು, ಮುಖ ಮುರೀಬಾರದು ಅಂತ ಹಚ್ಚಿದ್ವಿ. ಬಂದವರು ಕೊಟ್ಟ ಸಕ್ಕರಿ ಬಾಯಾಗ ಹಾಕ್ಕೊಂಡ್ರ ಮನಿ ಬರದು ಕೊಟ್ಟಂಗ ಆಗತದೇನು ಕೇಳು."

ಕೇಳಿದೆ. ಒಂದಕ್ಷರ ಬಿಡದೆ ಕೇಳಿದೆ. ಜೀವನದಲ್ಲಿ ಯಾವ ಮಾತನ್ನೂ ಅಷ್ಟು ಸಂತೋಷದಿಂದ ಮರಾಠಿಗೆ ತಿರುಗಿಸಿಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹಾಗಾದರೆ ನಿಮಗೆ ಬೇಕಾದದ್ದಾದರೂ ಏನು ಆಜಿ ಎಂದರು ಸಾಹೇಬರು. ಅತ್ತೆ ತಾವು ಕೂತ ಕಲ್ಲನ್ನು ಅಂಗೈಯಿಂದ ತಟ್ಟಿದರು. ಇದು, ಇಲ್ಲೇ, ರಸ್ತೆಗೆ ಮುಖ ಮಾಡಿ. ಗಟಾರ ಮುಚ್ಚಿದರೆ ಪುಣ್ಯ ಬರುತ್ತದೆ ಎಂದೂ ಸೇರಿಸಿದರು.

ನೆಲದ ಮೇಲೇ ಜಾಗ ತೋರಿಸಿ ಇನ್ನೊಂದು ನಕ್ಷೆ ಬರೆಸುತ್ತೇನೆ, ನನ್ನ ಮೇಲಿನವರು ಏನನ್ನುತ್ತಾರೋ ಗೊತ್ತಿಲ್ಲ ಎಂದು ಸಾಹೇಬರು ಹೋದರು. ಇದನ್ನು ಬರೆಯುವ ಹೊತ್ತಿಗೂ ಯಾರಿಗೂ ಗೊತ್ತಿಲ್ಲ. ಬೋರ್ಡು ಹಾಗೇ ಇದೆ. ಅದರ ಕಾಲಿಗೆ ಸೊಪ್ಪಿನವಳು ಮೇಕೆ ಕಟ್ಟುತ್ತಾಳೆ. ಮೈಸೂರಿನ ಹುಡುಗಿ ತನ್ನ ಬಿಲ್ಡಿಂಗಿನವರ ಹತ್ತಿರ ಸಹಿ ಮಾಡಿಸುತ್ತಿದ್ದಾಳಂತೆ. ಕೆಲವರು ಮಾಡುತ್ತಾರೆ, ಕೆಲವರು ನಮಗೆ ಪಾರ್ಕಿಂಗೇ ಬೇಕು ಎನ್ನುತ್ತಾರೆ. ಅವರೂ ಇಲ್ಲಿಯವರೇ, ಕೇಳಲಿ. ನಾವೂ ಇಲ್ಲಿಯವರೇ. ನಾಳೆ ತಗಡು ಬಡಿದು ಸುತ್ತುಗಟ್ಟಿದರೆ ತಗಡಿನ ಈಚೆ ಒಲೆ ಹಚ್ಚುತ್ತೇವೆ. ಅಲ್ಲಿಂದಲೂ ಎಬ್ಬಿಸಿದರೆ ಅದರ ಈಚೆ. ಮಹಡಿ ಮಾತ್ರ ಹತ್ತುವುದಿಲ್ಲ.

ಆ ಸಂಜೆ ಸಾಹೇಬರ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಮತ್ತೆ ರೊಟ್ಟಿಗೆ ಕೈ ಹಚ್ಚಿದರು. ಅಂಚು ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದರು, ಮತ್ತೆ ಹರಿಯಿತು. ಅವರ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ನೋಡಿದವಳೇ ಅಲ್ಲ. ಅವರ ಹತ್ತಿರಕ್ಕೆ ಸರಿದು ಕೂತೆ. ಅತ್ತೆಯ ಮೇಲೆ ಇಷ್ಟು ಪ್ರೀತಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

"ಅತ್ತಿ, ಅವರು ಮತ್ತ ಬಂದ್ರ ನೀವು ಸುಮ್ಮ ಕೂಡ್ರಿ. ಒಲ್ಲೆ ಅಂತ ನಾ ಅಂತೀನಿ" ಎಂದೆ.

"ನೀ ಅಂದ್ರ ಯಾರ್ ಕೇಳ್ತಾರ? ನೀ ದಿನಾ ಅಂತಿ" ಎಂದರು ಅತ್ತೆ. ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿದರು. "ನಾ ಜನ್ಮದಾಗ ಒಂದ ಒಲ್ಲೆ ಇಟ್ಕೊಂಡಿದ್ದೆ. ಅದು ಇದಕ್ಕ ಹೋತು. ಹಿಟ್ಟು ಕೊಡು, ಗಿರಾಕಿ ನಿಂತಾರ."